ಕಲ್ಲು ಮುನಿಸಿಕೊಂಡ ಬೆಳಿಗ್ಗೆ

ತಪ್ಪು ನನ್ನದು. ಇದನ್ನು ಕೊನೆಯವರೆಗೆ ಬಚ್ಚಿಟ್ಟು, ಓದುವವರ ಕನಿಕರವನ್ನೆಲ್ಲ ಗಿಟ್ಟಿಸಿಕೊಂಡು, ಆಮೇಲೆ ಮೆಲ್ಲಗೆ ಒಪ್ಪಿಕೊಳ್ಳುವ ಜಾಣತನ ನನಗೂ ಗೊತ್ತು. ಬೇಡ. ಒಬ್ಬ ಮುದುಕ ಕಲ್ಲನ್ನು ಬಡಿದು ನೋಡಿ ‘ಇವತ್ತು ಬ್ಯಾಡ’ ಎಂದ. ಅದೇ ಮಾತನ್ನು ನಾನು ಅವನದೇ ದನಿಯಲ್ಲಿ ಇನ್ನೊಮ್ಮೆ ಹೇಳಿದೆ. ಎಲ್ಲರೂ ನಕ್ಕರು. ನಗುತ್ತಲೇ ಒಬ್ಬ ಕಲ್ಲಿನ ಬುಡಕ್ಕೆ ಹೋದ. ಅವನಿಗೆ ಈಗ ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ.

ಯಾರ ಹೆಸರನ್ನೂ ಹೇಳುವುದಿಲ್ಲ. ಹೆಸರು ಹೇಳದೆ ಬರೀ ದನಿಯಿಂದಲೇ ಗುರುತು ಹಿಡಿಸುವುದು ಒಂದು ಕಾಲಕ್ಕೆ ನನ್ನ ಹೆಚ್ಚುಗಾರಿಕೆಯಾಗಿತ್ತು. ಹರದನಹಳ್ಳಿಯ ನಮ್ಮ ಬೀದಿಯಲ್ಲಿ ನಾನು ಕೆಮ್ಮಿದರೆ ಪಕ್ಕದ ಮನೆಯ ಸೊಸೆ ಮಾವ ಬಂದರೆಂದು ಸೆರಗು ಹೊದೆಯುತ್ತಿದ್ದಳು. ಶಾಲೆಯಲ್ಲಿ ಬಾಗಿಲ ಹಿಂದೆ ನಿಂತು ಹೆಡ್ಮಾಸ್ತರರ ದನಿ ತೆಗೆದರೆ ಇಡೀ ತರಗತಿ ಎದ್ದು ನಿಲ್ಲುತ್ತಿತ್ತು. ಒಂದು ಸಲ ಹೆಡ್ಮಾಸ್ತರರೇ ಎದ್ದು ನಿಂತರು, ಆಮೇಲೆ ನನಗೆ ಎರಡು ದಿನ ಕೂರಲಾಗಲಿಲ್ಲ. ಮನೆಯಲ್ಲಿ ಅವ್ವ ಮಾತ್ರ ನಗುತ್ತಿರಲಿಲ್ಲ. ‘ಊರೋರ್ ಗಂಟ್ಲೆಲ್ಲಾ ನಿನ್ ಬಾಯಲ್ಲದ. ನಿಂದು ಅಂತ ಒಂದ್ ಗಂಟ್ಲು ಅದೋ ಇಲ್ವೋ?’ ಎನ್ನುತ್ತಿದ್ದಳು. ನಾನು ಅದನ್ನೂ ಅವಳ ದನಿಯಲ್ಲೇ ಹೇಳಿ ತೋರಿಸುತ್ತಿದ್ದೆ.

ಇಂಥವನು ಭೂವಿಜ್ಞಾನ ಓದಿದೆ. ಮಾತಾಡದ ವಸ್ತುವನ್ನು ಓದಿಕೊಂಡರೆ ಬುದ್ಧಿ ಬಂದೀತು ಎಂದು ಅಪ್ಪನ ಲೆಕ್ಕ. ಎಂಎಸ್ಸಿ ಮುಗಿಸಿ ಪಿಎಚ್‌ಡಿಗೆ ಸೇರಿದೆ. ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗಿನ ಬಂಡೆಗಳಲ್ಲಿ ಬಿರುಕುಗಳು ಯಾವ ದಿಕ್ಕಿಗೆ ಓಡುತ್ತವೆ, ಎಷ್ಟು ಓರೆಯಾಗಿ ಇಳಿಯುತ್ತವೆ ಎಂದು ಅಳೆಯುವುದು ನನ್ನ ಸಂಶೋಧನೆ. ಭೂವಿಜ್ಞಾನಿ ಎಂದರೆ ಸಾಹಸಿ ಎಂದು ನೆಂಟರು ತಿಳಿದಿದ್ದರು. ನನ್ನ ಸಾಹಸಗಳು ಎರಡೇ: ಹೆಜ್ಜೇನು ಕಚ್ಚಿಸಿಕೊಂಡು ಮುಖ ಕುಂಬಳಕಾಯಿ ಮಾಡಿಕೊಂಡದ್ದು, ಆನೆ ಲದ್ದಿ ಇನ್ನೂ ಬಿಸಿಯಾಗಿರುವುದನ್ನು ಕಂಡು ಮೂರು ದಿನದ ಕಲ್ಲಿನ ಚೀಲ ಎಸೆದು ಬೇಗೂರಿನ ರಸ್ತೆಯವರೆಗೆ ಓಡಿದ್ದು.

ನನ್ನ ಗೈಡ್ ಮೈಸೂರಿನವರು. ಪ್ರಶ್ನೆಯನ್ನೂ ಅವರೇ ಕೇಳಿ ಉತ್ತರವನ್ನೂ ಅವರೇ ಕೊಡುತ್ತಿದ್ದರು. ‘ಇದು ಗ್ರಾನೈಟಾ? ಅಲ್ಲ. ನೈಸ್ ಶಿಲೆಯಾ? ಹೌದು. ನಿನಗೆ ಗೊತ್ತಿತ್ತಾ? ಇಲ್ಲ.’ ಅವರ ದನಿ ನನಗೆ ಅರ್ಧ ದಿನದಲ್ಲಿ ಬಂತು. ವಿಷಯ ಬರಲು ನಾಲ್ಕು ವರ್ಷ ಹಿಡಿಯಿತು.

ಅಳತೆಗೆ ಒಳ್ಳೆಯ ಜಾಗ ಎಂದರೆ ಕ್ವಾರಿ. ಮಣ್ಣು, ಹುಲ್ಲು ಏನೂ ಇಲ್ಲದೆ ಕಲ್ಲು ತನ್ನ ಒಳಗನ್ನೇ ತೋರಿಸಿಕೊಂಡು ನಿಂತಿರುತ್ತದೆ. ಗುಂಡ್ಲುಪೇಟೆ ದಾರಿಯಿಂದ ಒಳಕ್ಕೆ, ಊಟಿಗೆ ಹೋಗುವವರು ಕಾರು ನಿಲ್ಲಿಸಿ ಫೋಟೊ ತೆಗೆದುಕೊಳ್ಳುವ ಚೆಂಡುಹೂವಿನ ಹೊಲಗಳನ್ನು ದಾಟಿ ಹೋದರೆ ಒಂದು ಕರಿಕಲ್ಲಿನ ಕ್ವಾರಿ ಇತ್ತು. ಗೈಡ್ ಮಾಲೀಕರಿಗೆ ಕಾಗದ ಬರೆದು ನನಗೆ ಒಳಗೆ ಹೋಗಲು ಒಪ್ಪಿಗೆ ಕೊಡಿಸಿದ್ದರು. ಕ್ವಾರಿಯನ್ನು ನಡೆಸುತ್ತಿದ್ದವನು ಮ್ಯಾನೇಜರ್. ದಿನಕ್ಕೆ ಹತ್ತು ಸಲ ತಲೆ ಬಾಚಿಕೊಳ್ಳುತ್ತಿದ್ದ. ಅಷ್ಟು ಧೂಳಿನಲ್ಲಿ ಆ ಹಟ ಮೆಚ್ಚಬೇಕಾದದ್ದೇ.

ಅಲ್ಲಿ ಒಂದು ರೂಢಿ ಇತ್ತು. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಯಾರೂ ಕಲ್ಲಿನ ಗೋಡೆಯ ಹತ್ತಿರ ಹೋಗುವಂತಿಲ್ಲ. ಡ್ರಿಲ್ಲಿಗೆ ಗಾಳಿ ಕೊಡುವ ಕಂಪ್ರೆಸರ್ ಹಾಕುವಂತಿಲ್ಲ. ಎಲ್ಲರೂ ಲಾರಿ ಇಳಿಯುವ ಇಳಿಜಾರಿನಲ್ಲಿ ಟೀ ಹಿಡಿದು ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಆಗ ಎಲ್ಲರೂ ತಾತ ಎಂದು ಕರೆಯುತ್ತಿದ್ದ ಆ ಮುದುಕ ಒಬ್ಬನೇ ಉದ್ದ ಹಿಡಿಯ ಸುತ್ತಿಗೆ ತೆಗೆದುಕೊಂಡು ಗೋಡೆಯ ಎಡತುದಿಯಿಂದ ಬಲತುದಿಗೆ ಬಡಿಯುತ್ತ ಹೋಗುತ್ತಿದ್ದ. ಗಟ್ಟಿ ಕಲ್ಲಾದರೆ ಣಿಂಯ್ ಎನ್ನುತ್ತಿತ್ತು. ಹಿಂದೆ ಸಡಿಲವಿದ್ದರೆ ದಬ್ ಎನ್ನುತ್ತಿತ್ತು. ಕೊನೆಗೆ ತಿರುಗಿ ‘ಸರಿ ಕಣ್ರಪ್ಪ’ ಎಂದರೆ ಕೆಲಸ. ‘ಇವತ್ತು ಬ್ಯಾಡ, ಮುನ್ಸ್ಕಂಡದ’ ಎಂದರೆ ಆ ಮಗ್ಗುಲನ್ನು ಬಿಟ್ಟು ಬೇರೆ ಮಗ್ಗುಲಲ್ಲಿ ಕೆಲಸ. ಇದು ಯಾವ ಕಾಗದದಲ್ಲೂ ಇರಲಿಲ್ಲ. ಕಾಗದದಲ್ಲಿ ತಾತನ ಕೆಲಸ ಬೇರೆಯೇ ಇತ್ತು, ಉಳಿ ಹದ ಮಾಡುವುದು.

ಆ ತಾತ ಒಗಟಿನ ಹಾಗೇನೂ ಇರಲಿಲ್ಲ. ಬೇಗೂರಿನ ಹತ್ತಿರದ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುವ ಸಾಮಾನ್ಯ ಮುದುಕ. ಒಂದು ಮೊಂಡುತನ ಮಾತ್ರ ಇತ್ತು: ಬಡಿಯದೆ ಕಲ್ಲಿನ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಮ್ಯಾನೇಜರ್ ದೂರದಿಂದ ‘ತಾತ, ಆ ಮೂಲೆ ಹೆಂಗದೆ?’ ಎಂದರೆ ‘ಬಡ್ದಿಲ್ಲ’ ಎನ್ನುತ್ತಿದ್ದ. ‘ನಿನ್ನೆ ಬಡ್ದಿದ್ಯಲ್ಲ?’ ‘ಇವತ್ತು ಬಡ್ದಿಲ್ಲ.’ ನಾನು ಒಮ್ಮೆ ನನ್ನ ಕಂಪಾಸ್ ತೋರಿಸಿ, ಇದರಲ್ಲಿ ಬಿರುಕಿನ ಓರೆ ಎಲ್ಲ ಗೊತ್ತಾಗುತ್ತದೆ ತಾತ ಎಂದೆ. ಅವನು ಅದನ್ನು ತಿರುಗಿಸಿ ನೋಡಿ, ಕಿವಿಯ ಹತ್ತಿರ ಹಿಡಿದು, ವಾಪಸ್ಸು ಕೊಟ್ಟ.

ಇಷ್ಟು ಸಾಕಾಯಿತು ನನಗೆ. ಮಧ್ಯಾಹ್ನದ ಊಟಕ್ಕೆ ಕೂತಾಗ ತಾತನನ್ನು ‘ಮಾಡಿದೆ’. ಕತ್ತು ಓರೆ, ಕಣ್ಣು ಅರ್ಧ ಮುಚ್ಚಿ, ಮೂಗಿನಲ್ಲಿ ಎಳೆಯುವ ಆ ದನಿ: ‘ಇವತ್ತು ಬ್ಯಾಡ ಕಣ್ರಪ್ಪ. ಮುನ್ಸ್ಕಂಡದ.’ ಸುತ್ತಿಗೆ ಹಿಡಿಯುವ ಶ್ರಮವನ್ನು ನಾನು ತೆಗೆದುಕೊಳ್ಳಲಿಲ್ಲ. ನಗಲು ದನಿಯೇ ಸಾಕಿತ್ತು. ಆಮೇಲೆ ಅದು ದಿನದ ಪದ್ಧತಿಯಾಯಿತು. ಸಾರು ಸಪ್ಪೆಯಾದರೆ ಮುನ್ಸ್ಕಂಡದ. ಮ್ಯಾನೇಜರನ ಬೈಕು ಸ್ಟಾರ್ಟ್ ಆಗದಿದ್ದರೆ ಮುನ್ಸ್ಕಂಡದ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಕಲ್ಲಿಗೆ ತೂತು ಕೊರೆಯುವ ಡ್ರಿಲ್ಲರ್, ಬೇಗೂರಿನ ಹುಡುಗ, ನನ್ನ ಓರಗೆಯವನು. ನನ್ನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದ. ‘ಮೇಷ್ಟ್ರೇ, ನೀವು ಕಲ್ ಓದದ್ ಬುಟ್ಟು ಟಿವಿಗೋಗಿ’ ಎನ್ನುತ್ತಿದ್ದ. ತಾತ ಸ್ವಲ್ಪ ದೂರದಲ್ಲಿ ಕೂತು ಉಣ್ಣುತ್ತಿದ್ದ. ಅವನಿಗೂ ಕೇಳುತ್ತಿತ್ತು.

ಆಗ ನನಗೆ ಹೊಳೆಯದ ಒಂದು ಸಂಗತಿ ಈಗ ಹಗಲಿನಷ್ಟು ಸ್ಪಷ್ಟವಾಗಿದೆ. ಆ ರೂಢಿಗೆ ಇದ್ದ ಕಾವಲು ಜನರ ಗಾಂಭೀರ್ಯ ಒಂದೇ. ಅದನ್ನು ನಾನು ಊಟದ ಜೊತೆ ದಿನಕ್ಕಿಷ್ಟು ತಿಂದು ಮುಗಿಸಿದ್ದೆ.

ಆ ದಿನಕ್ಕೆ ಮೂರು ದಿನ ಮುಂಚಿನಿಂದ ಜಡಿಮಳೆ ಹಿಡಿದಿತ್ತು. ಬೆಳಿಗ್ಗೆ ಹೊಳವಾಗಿ, ಗೋಡೆಯೆಲ್ಲ ತೊಳೆದಿಟ್ಟ ಹಾಗೆ ಮಿಂಚುತ್ತಿತ್ತು. ಕೈಯಲ್ಲಿ ಕಂಪಾಸ್ ಹಿಡಿದು ಬರೆಯಲಾಗುವುದಿಲ್ಲವೆಂದು ನಾನು ಫೋನಿನ ರೆಕಾರ್ಡರ್ ಹಾಕಿ ಎದೆಯ ಜೇಬಿನಲ್ಲಿಟ್ಟುಕೊಂಡು, ಅಳತೆಗಳನ್ನು ಬಾಯಲ್ಲೇ ಹೇಳುತ್ತಿದ್ದೆ. ಅಂದೂ ಮೊದಲೇ ಅದನ್ನು ಹಾಕಿಕೊಂಡು ಎಲ್ಲರ ಜೊತೆ ಇಳಿಜಾರಿನಲ್ಲಿ ನಿಂತಿದ್ದೆ. ತಾತ ಬಡಿಯುತ್ತ ಬಂದ. ಬಲತುದಿಯ ಹತ್ತಿರ ನಿಂತ. ಅಲ್ಲೇ ಮತ್ತೆ ಬಡಿದ. ಆಮೇಲೆ ಇಳಿಜಾರಿನ ಕಡೆ ತಿರುಗಿ ಎಂದಿನ ಮಾತು ಹೇಳಿದ: ‘ಇವತ್ತು ಬ್ಯಾಡ ಕಣ್ರಪ್ಪ. ಮುನ್ಸ್ಕಂಡದ.’ ಮ್ಯಾನೇಜರನಿಗೂ ತಿಳಿಸಲು ಮೇಲಿದ್ದ ಅವನ ಷೆಡ್ಡಿನ ಕಡೆ ಹತ್ತಿ ಹೋದ.

ಅವನು ಹೋದ ಮೇಲೆ ಯಾರೋ ಕಿಸಕ್ಕೆಂದರು. ಆ ಮಾತು ಅಷ್ಟು ದಿನ ನಗೆಯ ಮಾತಾಗಿತ್ತಲ್ಲ, ತಾತನ ಬಾಯಲ್ಲೇ ಬಂದರೂ ನಗೆ ಬಂತು. ಡ್ರಿಲ್ಲರ್ ಮಾತ್ರ ಆಗ ನಗಲಿಲ್ಲ. ನನ್ನ ಕಡೆ ಬಂದು, ‘ಮೇಷ್ಟ್ರೇ, ಲಾರಿ ಬತ್ತಾ ಅದಂತೆ, ಇವತ್ತೇ ಕಲ್ ತುಂಬ್ಬೇಕು ಅಂತ ಮ್ಯಾನೇಜರ್ ರಾತ್ರಿನೇ ಯೋಳವ್ನೆ. ನಿಮ್ ಕಂಪಾಸು ಏನಂತದ?’ ಎಂದ.

ನಿಜವಾದ ಪ್ರಶ್ನೆ. ನಾಲ್ಕು ವರ್ಷದ ಓದಿನಲ್ಲಿ ಒಬ್ಬ ಮನುಷ್ಯ ತನ್ನ ಜೀವಕ್ಕೆ ಬೇಕಾದದ್ದೆಂದು ನನ್ನನ್ನು ಕೇಳಿದ ಮೊದಲ ಪ್ರಶ್ನೆ. ಗೊತ್ತಿಲ್ಲ ಎನ್ನಬಹುದಿತ್ತು. ನನ್ನ ಕಂಪಾಸ್ ಕಣ್ಣಿಗೆ ಕಂಡ ಬಿರುಕನ್ನಷ್ಟೇ ಅಳೆಯುತ್ತದೆ, ಗೋಡೆಯ ಹಿಂದಿನದು ಅದಕ್ಕೆ ತಿಳಿಯದು ಎನ್ನಬಹುದಿತ್ತು. ಹತ್ತು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನನ್ನ ಕತ್ತು ತಾನಾಗಿ ಓರೆಯಾಯಿತು. ಕಣ್ಣು ಅರ್ಧ ಮುಚ್ಚಿತು.

‘ಇವತ್ತು ಬ್ಯಾಡ ಕಣ್ರಪ್ಪ,’ ಎಂದೆ. ‘ಮುನ್ಸ್ಕಂಡದ.’

ಹೋ ಎಂದು ನಕ್ಕರು. ಡ್ರಿಲ್ಲರ್ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಮುನ್ಸ್ಕಂಡಿದ್ರೆ ನಾನ್ ಸಮಾಧಾನ ಮಾಡ್ಕತೀನಿ ಬುಡಿ’ ಎಂದು ಡ್ರಿಲ್ ಎತ್ತಿಕೊಂಡು ಬಲತುದಿಗೆ ಹೋದ. ಕಣ್ಣೀರು ಒರೆಸಿಕೊಳ್ಳುತ್ತಿದ್ದ, ನಕ್ಕ ಕಣ್ಣೀರು. ಯಾರೋ ಕಂಪ್ರೆಸರ್ ಹಾಕಿದರು.

ಬೀಳುವಾಗ ದೊಡ್ಡ ಸದ್ದಾಗುತ್ತದೆ ಎಂದು ನಾನು ಅಂದುಕೊಂಡಿದ್ದೆ. ಮೊದಲು ಬಂದದ್ದು ಮೂಟೆಯಿಂದ ಕಾಳು ಸುರಿದ ಹಾಗೆ ಒಂದು ಸಣ್ಣ ಸದ್ದು. ಆಮೇಲೆ ಗೋಡೆಯ ಒಂದು ಚಪ್ಪಡಿ, ಬಾಗಿಲಿಗಿಂತ ಸ್ವಲ್ಪ ದೊಡ್ಡದು, ಕೂತ ಜಾಗದಿಂದ ಯಾರೋ ಏಳುವ ಹಾಗೆ ಮುಂದಕ್ಕೆ ಜಾರಿತು. ಹಿಂದೆ ಮಳೆನೀರು ಕುಡಿದ ಕೆಂಪು ಜೇಡಿಯ ಪದರ ಕಾಣಿಸಿತು. ನನ್ನ ನಕ್ಷೆಯಲ್ಲಿ ಅದು ಇರಲಿಲ್ಲ.

ಹಾರೆಗಳನ್ನು ಹಾಕಿ ಡ್ರಿಲ್ಲರನ ಕಾಲ ಮೇಲಿಂದ ಅದನ್ನು ಎತ್ತಿದೆವು. ನಾನು ಎತ್ತಿದೆ ಎಂದು ಹೇಳಿದರೆ ಸುಳ್ಳು; ಹಾರೆ ಹಿಡಿದುಕೊಂಡು ನಿಂತಿದ್ದೆ. ಮೇಲಿನಿಂದ ಓಡಿ ಬಂದ ತಾತ ತನ್ನ ತಲೆಯ ಟವೆಲು ಬಿಚ್ಚಿ ಅವನ ತೊಡೆಗೆ ಬಿಗಿದು, ಸುತ್ತಿಗೆಯ ಹಿಡಿ ತೂರಿಸಿ, ರಕ್ತ ನಿಲ್ಲುವಂತೆ ತಿರುಚಿ ಹಿಡಿದ. ಗುಂಡ್ಲುಪೇಟೆ ಆಸ್ಪತ್ರೆ ತಲುಪುವ ತನಕ ಜೀಪಿನಲ್ಲಿ ಹಾಗೇ ಹಿಡಿದುಕೊಂಡು ಕೂತಿದ್ದನಂತೆ. ಅಲ್ಲಿಂದ ಮೈಸೂರು. ಜೀವ ಉಳಿಯಿತು. ಆ ಗಲಾಟೆಯಲ್ಲಿ ತಾತ ಒಮ್ಮೆಯೂ ನನ್ನ ಮುಖ ನೋಡಲಿಲ್ಲ, ಹಾಗಾಗಿ ಅವನಿಗೆ ನಾನು ಮಾಡಿದ್ದು ಗೊತ್ತಿಲ್ಲ ಎಂದುಕೊಂಡೆ. ಇದು ನನ್ನ ಎರಡನೆಯ ಮೂರ್ಖತನ.

ವಾರದಲ್ಲಿ ಮ್ಯಾನೇಜರನ ವರದಿ ತಯಾರಾಯಿತು. ಬೆಳಿಗ್ಗೆ ಕಲ್ಲು ಪರೀಕ್ಷಿಸಿದ ಕಾರ್ಮಿಕ ಎಲ್ಲವೂ ಸರಿಯಿದೆ ಎಂದು ತಿಳಿಸಿದ್ದರಿಂದ ಕೆಲಸ ಆರಂಭಿಸಲಾಯಿತು, ಎಂದು ಅದರಲ್ಲಿ ಒಂದು ವಾಕ್ಯ. ಅಷ್ಟು ವರ್ಷ ಯಾವ ಕಾಗದದಲ್ಲೂ ಇಲ್ಲದ ಆ ಪರೀಕ್ಷೆ ತಪ್ಪು ಹೊರಿಸಲು ಮಾತ್ರ ಕಾಗದಕ್ಕೆ ಬಂತು. ತಾತನನ್ನು ಕೆಲಸದಿಂದ ಕಳಿಸಿದರು. ಇಳಿಜಾರಿನಲ್ಲಿ ನಿಂತಿದ್ದ ಉಳಿದವರನ್ನು ಕೇಳಿದರೆ, ಟೀ ಕುಡೀತಿದ್ವಿ, ಕೇಳುಸ್ಲಿಲ್ಲ ಎಂದರು. ಅವರನ್ನು ಬೈಯುವ ಬಾಯಿ ನನಗಿಲ್ಲ. ನಾನೂ ಆಗ ಅದನ್ನೇ ಹೇಳಿದೆ.

ಗೈಡ್ ಫೋನ್ ಮಾಡಿದರು. ‘ಮಾಲೀಕರ ಒಪ್ಪಿಗೆ ಇಲ್ಲದೆ ಆ ಅಳತೆ ಬಳಸಬಹುದಾ? ಆಗಲ್ಲ. ನೀನು ಗೋಡೆಯ ಹತ್ತಿರ ಇದ್ದೆಯಾ? ಇರಲಿಲ್ಲ. ಏನಾದರೂ ಕೇಳಿಸಿತಾ? ಇಲ್ಲ.’ ಎಂದಿನಂತೆ ಉತ್ತರವನ್ನೂ ಅವರೇ ಕೊಟ್ಟರು. ಆ ಸಲ ನನಗೆ ಅನುಕೂಲವೇ ಆಯಿತು.

ಹೀಗೆ ಒಂದು ತಿಂಗಳು ಸುಮ್ಮನಿದ್ದೆ. ಫೋನಿನೊಳಗೆ ಆ ಬೆಳಿಗ್ಗೆಯ ರೆಕಾರ್ಡಿಂಗ್ ಇದೆ ಎಂದು ಗೊತ್ತಿತ್ತು. ಅಳಿಸಲೂ ಇಲ್ಲ, ಕೇಳಲೂ ಇಲ್ಲ. ಒಂದು ದಿನ ಗುಂಡ್ಲುಪೇಟೆಯಿಂದ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ತಾತ ಕೂತಿದ್ದ. ಪಕ್ಕದ ಸೀಟು ಖಾಲಿ. ದಾರಿಯಲ್ಲಿ ಡ್ರಿಲ್ಲರನ ತಾಯಿ ಹತ್ತಿದಳು. ಖಾಲಿ ಸೀಟು ನೋಡಿದಳು, ತಾತನನ್ನು ನೋಡಿದಳು, ಕಂಬಿ ಹಿಡಿದು ನಿಂತಳು. ಕಂಡಕ್ಟರ್ ‘ಕೂತ್ಕಳವ್ವ, ಸೀಟದಲ್ಲ’ ಎಂದ. ‘ನಿಂತ್ಕತೀನಿ ಬುಡಪ್ಪ. ನನ್ ಮಗ್ನೂ ಒಂದೇ ಕಾಲಲ್ ನಿಂತ್ಕಂಡವ್ನೆ’ ಎಂದಳು. ಇಡೀ ಬಸ್ಸಿಗೆ ಕೇಳಿಸಿತು. ತಾತ ಎದ್ದು ತಾನೂ ನಿಂತ. ಎರಡು ಸೀಟು ಖಾಲಿಯಾಗಿ, ಇಬ್ಬರೂ ನಿಂತುಕೊಂಡೇ ಬೇಗೂರಿನವರೆಗೆ ಹೋದರು. ನಾನು ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ, ಆರಾಮಾಗಿ, ಎರಡೂ ಕಾಲು ಚಾಚಿಕೊಂಡು.

ಮಾರನೆಯ ದಿನ ಡ್ರಿಲ್ಲರನ ಮನೆಗೆ ಹೋದೆ. ಜಗುಲಿಯ ಮೇಲೆ ಕೂತಿದ್ದ. ಗಡ್ಡ ಬಿಟ್ಟಿದ್ದ. ಪಂಚೆಯ ಒಂದು ಮಗ್ಗುಲು ಚಪ್ಪಟೆಯಾಗಿ ಬಿದ್ದಿತ್ತು. ‘ಬನ್ನಿ ಮೇಷ್ಟ್ರೇ’ ಎಂದು ನಕ್ಕ. ಸ್ವಲ್ಪ ಹೊತ್ತು ಆ ಕಡೆ ಈ ಕಡೆ ಮಾತಾಡಿದ ಮೇಲೆ, ‘ಎಲ್ಲಿ, ತಾತನ್ನ ಒಂದ್ಸಲ ಮಾಡಿ ನೋಡನ’ ಎಂದ.

‘ಬೇಡ ಬಿಡಪ್ಪ.’

‘ಯಾಕ? ಮಾಡಿ. ಬೇಜಾರಾಯ್ತದ ನಂಗ ಇಲ್ಲಿ.’

ಬಾಯಿ ತೆಗೆದೆ. ಬರಲಿಲ್ಲ. ಹಿಂದೆಂದೂ ಹಾಗಾಗಿರಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ. ನಗು ನಿಂತಿತ್ತು.

‘ಒಂದ್ ಮಾತ್ ಕೇಳ್ಲಾ’ ಎಂದ. ಮೇಷ್ಟ್ರೇ ಹೋಗಿ ಏಕವಚನ ಬಂದಿತ್ತು. ‘ಅವತ್ತು ನಾನ್ ಕೇಳ್ದಾಗ, ಬ್ಯಾಡ ಅಂತ ನಿನ್ ದನೀಲಿ ಅಂದಿದ್ರೆ ನಾನ್ ಓಯ್ತಿರ್ಲಿಲ್ಲ ಕಣ್ಲಾ. ಮಾತು ಅದೇಯ. ನಿನ್ ದನೀಲಿ ಅಂದಿದ್ರೆ ಸಾಕಾಗಿತ್ತು.’

ಒಳಗಿನಿಂದ ಅವನ ತಾಯಿ ಕಾಫಿ ತಂದಿಟ್ಟು ಹೋದಳು. ಅವಳಿಗೆ ಗೊತ್ತಿರಲಿಲ್ಲ. ಅವಳ ಪಾಲಿಗೆ ತಪ್ಪು ಮಾಡಿದವನು ಬಸ್ಸಿನಲ್ಲಿದ್ದ ಮುದುಕ. ‘ನಿಮ್ಮವ್ವನಿಗೆ ಯಾಕೆ ಹೇಳಿಲ್ಲ?’ ಎಂದೆ. ‘ಯೋಳ್ಬೇಕಾದೋನು ನಾನಾ?’ ಎಂದ. ಕಾಫಿ ಕುಡಿಯದೆ ಎದ್ದು ಒಳಗೆ ಹೋಗಿ ಅವಳಿಗೆ ಹೇಳಿದೆ. ಲೋಟ ತೆಗೆದುಕೊಂಡು ಹೋಗಿ ಕಾಫಿಯನ್ನು ಬಚ್ಚಲಿಗೆ ಚೆಲ್ಲಿದಳು.

ಅಂದೇ ಚಾಮರಾಜನಗರಕ್ಕೆ ಹೋಗಿ, ಅಪಘಾತದ ಸರ್ಕಾರಿ ವಿಚಾರಣೆ ನಡೆಸುತ್ತಿದ್ದ ಅಧಿಕಾರಿಗೆ ರೆಕಾರ್ಡಿಂಗ್ ಇದೆ ಎಂದು ಬರೆದುಕೊಟ್ಟೆ. ಅದರಿಂದ ನನಗೇನಾಯಿತು ಎಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಕೊನೆಗೆ ಅದಕ್ಕೆ ಜಾಗವಿಲ್ಲ. ಕ್ವಾರಿಯ ಗೇಟು ನನಗೆ ಮುಚ್ಚಿತು. ಗೈಡ್ ‘ನಿನಗೆ ಬುದ್ಧಿ ಇದೆಯಾ?’ ಎಂದು ಕೇಳಿ, ಅದೊಂದು ಸಲ ಉತ್ತರ ಕೊಡದೆ ಫೋನ್ ಇಟ್ಟರು. ಎರಡು ವರ್ಷದ ಅಳತೆ ಬಿಟ್ಟು, ಹಳ್ಳದ ದಡಗಳಲ್ಲಿ, ಪಾಳುಬಾವಿಗಳಲ್ಲಿ ಇಳಿದು ಮತ್ತೆ ಮೊದಲಿನಿಂದ ಅಳೆದೆ. ಪ್ರಬಂಧ ಮುಗಿಯಿತು. ಈಗ ಚಾಮರಾಜನಗರದಲ್ಲಿ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳು ಬಂಡೆಯ ಬಗ್ಗೆ ಕೇಳಿದರೆ ಮೊದಲು ಸುತ್ತಿಗೆ ಕೊಡುತ್ತೇನೆ, ಆಮೇಲೆ ಕಂಪಾಸ್. ಎಷ್ಟೋ ಸಲ ಗೊತ್ತಿಲ್ಲ ಎನ್ನುತ್ತೇನೆ. ಪ್ರಿನ್ಸಿಪಾಲರ ದನಿ ನನಗೆ ಬರುತ್ತದೆ, ಅದು ಅವರಿಗೆ ತಿಳಿಯದು. ತಾತ ಮತ್ತೆ ಯಾವ ಕ್ವಾರಿಗೂ ಹೋಗಲಿಲ್ಲ. ಆದರೆ ವರದಿಯಿಂದ ಅವನ ಮೇಲೆ ತಪ್ಪು ಹೊರಿಸಿದ ಆ ವಾಕ್ಯವನ್ನು ಹೊಡೆದುಹಾಕಿದರು. ಹೊಡೆಸಿದ್ದು ನನ್ನ ಫೋನಲ್ಲ.

ವಿಚಾರಣೆಯ ದಿನ ಮಹಡಿಯ ಕೋಣೆಯಲ್ಲಿ ಅಧಿಕಾರಿ, ಬರೆದುಕೊಳ್ಳುವ ಗುಮಾಸ್ತ, ಮ್ಯಾನೇಜರ್, ತಾತ, ಊರುಗೋಲು ಹಿಡಿದ ಡ್ರಿಲ್ಲರ್, ನಾನು. ಹೊರಗೆ ಅರಿಶಿನದ ಮೂಟೆ ಹೊತ್ತ ಲಾರಿಗಳ ಹಾರನ್ನು. ಫೋನನ್ನು ಮೇಜಿನ ಮೇಲಿಟ್ಟು ರೆಕಾರ್ಡಿಂಗ್ ಹಾಕಿದೆ. ‘ಇವತ್ತು ಬ್ಯಾಡ’ ಎರಡು ಸಲ ಬಂತು. ಎರಡನೆಯದರ ಹಿಂದೆ ನಗೆ.

‘ಎರಡೂ ಒಂದೇ ದನಿ ಇದ್ದಂಗಿದೆಯಲ್ರೀ’ ಎಂದರು ಅಧಿಕಾರಿ.

‘ಒಂದೇ ಸಾರ್, ಎರಡೂ ಇವಂದೇ!’ ಎಂದು ಮ್ಯಾನೇಜರ್ ಎದ್ದ. ‘ಇವ್ನು ಎಲ್ರ ದನೀನೂ ತೆಗೀತಾನೆ. ನಿಮ್ಮುನ್ನೂ ಸಂಜೆ ಒಳಗೆ ಮಾಡ್ತಾನೆ. ಇಡೀ ಕ್ವಾರಿಗೇ ಗೊತ್ತು. ತಾತ ಅವತ್ತು ಬೇಡ ಅಂದೇ ಇಲ್ಲ ಸಾರ್. ಇವ್ನೇ ತಮಾಷೆಗೆ ಅಂದಿರದು.’

‘ಮೊದಲ್ನೇದು ತಾತಂದು ಸಾ, ನಾನೇ ಕೇಳುಸ್ಕಂಡಿವ್ನಿ’ ಎಂದ ಡ್ರಿಲ್ಲರ್.

‘ಇವ್ನು ಅವ್ನ ದೋಸ್ತು’ ಎಂದ ಮ್ಯಾನೇಜರ್.

ಅಧಿಕಾರಿ ನನ್ನ ಕಡೆ ತಿರುಗಿದರು. ‘ಮಾಡಿ ತೋರಿಸಿ.’

ಬರದೆ ಇರಲಿ ಎಂದುಕೊಂಡೆ. ಜಗುಲಿಯ ಮೇಲೆ ಬರದಿದ್ದದ್ದು ಅಲ್ಲಿ ಬಂತು. ತಾತ ಎರಡು ಮಾರು ದೂರದಲ್ಲಿ ಕೂತಿರುವಾಗ, ಅವನ ಮುಂದೆಯೇ ಅವನನ್ನು ಮಾಡಿದೆ. ಗುಮಾಸ್ತನಿಗೆ ನಗೆ ಬಂದು ಬಾಯಿಗೆ ಕೈ ಅಡ್ಡ ಹಿಡಿದ. ಅಷ್ಟು ಚೆನ್ನಾಗಿತ್ತು. ‘ನೋಡುದ್ರಾ ಸಾರ್?’ ಎಂದ ಮ್ಯಾನೇಜರ್, ಬಾಚಣಿಗೆ ಜೇಬಿನಿಂದ ತೆಗೆಯುತ್ತ. ನಾನು ತಂದ ಸಾಕ್ಷಿಯನ್ನು ನಾನೇ ಕೊಂದಿದ್ದೆ. ತಾತನ ಮಾತನ್ನು ಎರಡನೆಯ ಸಲ, ಅದೇ ಬಾಯಿಂದ.

ಅಧಿಕಾರಿ ಕನ್ನಡಕ ತೆಗೆದಿಟ್ಟು ತಾತನನ್ನು ಕೇಳಿದರು. ‘ಅಜ್ಜ, ನೀವೇ ಹೇಳಿ. ಇದರಲ್ಲಿ ನಿಮ್ಮ ಮಾತು ಇದೆಯಾ?’

ತಾತ ಇನ್ನೊಮ್ಮೆ ಹಾಕುವಂತೆ ಕೈಸನ್ನೆ ಮಾಡಿದ. ‘ಮೊದ್ಲಿಂದ’ ಎಂದ. ಮೊದಲಿನಿಂದ ಹಾಕಿದೆ. ಕತ್ತು ಓರೆ ಮಾಡಿ, ಕಣ್ಣು ಅರ್ಧ ಮುಚ್ಚಿ, ಮೇಜಿನ ಕಡೆ ಬಾಗಿದ. ಫೋನಿನಲ್ಲಿ ಸುತ್ತಿಗೆ ಬರುತ್ತಿತ್ತು. ಣಿಂಯ್. ಣಿಂಯ್. ಣಿಂಯ್. ದಬ್. ಸ್ವಲ್ಪ ಬಿಡುವು. ಮತ್ತೆ ದಬ್. ‘ಇವತ್ತು ಬ್ಯಾಡ ಕಣ್ರಪ್ಪ. ಮುನ್ಸ್ಕಂಡದ.’ ದೂರ ಹೋಗುವ ಹೆಜ್ಜೆ. ಯಾರೋ ಕಿಸಕ್ಕೆಂದದ್ದು. ಡ್ರಿಲ್ಲರನ ಪ್ರಶ್ನೆ. ಆಮೇಲೆ ಸುತ್ತಿಗೆಯ ಸದ್ದಿಲ್ಲದೆ ಬರಿಗಾಳಿಯಲ್ಲಿ ಆ ಮಾತು ಮತ್ತೊಮ್ಮೆ, ಮತ್ತು ನಗೆ. ತಾತ ಅಷ್ಟಕ್ಕೆ ಕೈ ಎತ್ತಿ ನಿಲ್ಲಿಸಿದ. ಆ ಬೆಳಿಗ್ಗೆಯಿಂದ ಮೊದಲ ಸಲ ನನ್ನ ಮುಖ ನೋಡಿದ. ಆಮೇಲೆ ಅಧಿಕಾರಿಯ ಕಡೆ ತಿರುಗಿದ.

‘ಬಡ್ದು ಯೋಳಿರದು ನಂದು ಸ್ವಾಮಿ. ಬಡೀದೆ ಯೋಳಿರದು ಇವಂದು.’